ಕುಸುಬಿ ಎಣ್ಣೆ ಕಂಡ ತೋಪು

ಹುಸೇನಬೀ ಅಮ್ಮಾ, ಆ ತೋಪಿನೊಳಗೆ ಸಿಡಿಮದ್ದಿರಲಿಲ್ಲ. ನಾನು ಸುಳ್ಳು ಹೇಳಿದೆ. ಕೇಳಿಸಿಕೊಳ್ಳಲು ಈಗ ನೀವಿಲ್ಲ. ಇದನ್ನು ಹೊತ್ತು ಹೊತ್ತು ನಾನೂ ದಣಿದಿದ್ದೇನೆ.

ಎಪ್ಪತ್ತರ ದಶಕದ ಮಾತು. ಹಳೆಯ ತೋಪುಗಳನ್ನು ಹುಡುಕಿ ಕಾಪಾಡುವ ನೌಕರಿ ನನ್ನದು. ಬಿಜಾಪುರದಲ್ಲಿ ತೋಪುಗಳಿಗೇನು ಬರವೇ — ಆದರೆ ಹತ್ತಿರದ ತಿಕೋಟಾದಲ್ಲಿ, ನಿಮ್ಮ ಕಟ್ಟೆಯ ಮೂಲೆಗೆ ಬಾಯಿ ಮೇಲಾಗಿ ಹೂತಿದ್ದ ಆ ತೋಪಿನ ಮೈಮೇಲೆ ಲಂಗರಿನ ಗುರುತಿತ್ತು. ಬ್ರಿಟಿಷರ ಹಡಗಿನದು! ಯಾವ ಕಾಲದಲ್ಲೋ ಕರಾವಳಿಯಿಂದ ಬಂಡಿಯೇರಿ ಬಂದಿರಬೇಕು. ಗುರುತಿಸಿದವನು ನಾನೊಬ್ಬನೇ ಎಂಬ ಹಿಗ್ಗಿನಲ್ಲಿ ನನ್ನ ತಲೆ ನೆಟ್ಟಗೆ ನಿಲ್ಲಲಿಲ್ಲ.

ನಿಮ್ಮ ಯಜಮಾನರು ಬಂಡಿಯ ಗಾಲಿಗೆ ಎಣ್ಣೆ ಹಾಕಿ ಕೈಯನ್ನು ಆ ತೋಪಿಗೇ ಒರೆಸುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಬಂಡಿ ಮಾರಿದಿರಿ. ಬಟ್ಟೆಗೆ ಕುಸುಬಿ ಎಣ್ಣೆ ಅದ್ದಿ ತೋಪು ಒರೆಸುವುದನ್ನು ಮಾತ್ರ ಬಿಡಲಿಲ್ಲ.

"ನಮ್ಮವರು ಕೈ ಒರಸಿದ್ದೈತ್ರಿ ಇದು. ಕೊಡಂಗಿಲ್ರೀ ಸಾಹೇಬ್ರ," ಅಂದಿರಿ.

ನಾನಾಗಲೇ ಕೋಲು ಹಾಕಿ ನೋಡಿದ್ದೆ — ಒಳಗೆ ಮಣ್ಣು, ಯಾವುದೋ ಮಗುವಿನ ಬುಗುರಿ. ಆದರೂ ಓಣಿಗೆಲ್ಲ ಕೇಳುವಂತೆ ಹೇಳಿದೆ: "ಒಳಗ ಮದ್ದೈತಿ, ಅಮ್ಮಾ. ಬಿಸಲಿಗೆ ಯಾವಾಗ ಸಿಡಿತೈತೋ ಹೇಳಾಕ ಬರಂಗಿಲ್ಲ."

ನೆರೆಯವರು ಮಕ್ಕಳನ್ನು ಒಳಗೆಳೆದುಕೊಂಡರು. ನೀವು ಮೊಮ್ಮಗಳನ್ನು ಅವಚಿಕೊಂಡು "ಒಯ್ರಿ" ಎಂದಿರಿ. ಅಷ್ಟೇ.

ಒಯ್ದು ಕಾಪಾಡಿದೆನೇ? ಅದೂ ಇಲ್ಲ. ನಿಮ್ಮ ಎಣ್ಣೆಯ ಪದರವನ್ನು ಕೊಳೆಯೆಂದು ಕೆರೆಸಿ, ಕರಿ ಬಣ್ಣ ಬಳಿಸಿ, ಬಿಜಾಪುರದ ನಮ್ಮ ಕಚೇರಿಯ ಅಂಗಳದಲ್ಲಿ ನಿಲ್ಲಿಸಿದೆ. ಎರಡು ಮಳೆಗಾಲ ಕಳೆಯುವುದರೊಳಗೆ ತುಕ್ಕು ಹಿಡಿದು, ಆ ಲಂಗರಿನ ಗುರುತೇ ಚಕ್ಕೆ ಚಕ್ಕೆಯಾಗಿ ಉದುರಿತು.

ಆಮೇಲೊಮ್ಮೆ ಸಿದ್ಧೇಶ್ವರ ಗುಡಿಯ ಹತ್ತಿರ ಬಜಾರು ಮುಗಿಸಿ ನೀವು ಕಚೇರಿಗೆ ಬಂದಿರಿ. ತೋಪಿನಿಂದ ದೂರವೇ ನಿಂತಿರಿ.

"ಮದ್ದು ತಗದ್ರ್ಯಾ ಸಾಹೇಬ್ರ? ತಗದಿದ್ರ ಹೊಳ್ಳಿ ಕೊಡ್ರಿ."

ನಿಜ ಹೇಳಲು ಅದೊಂದು ಗಳಿಗೆ ಸಿಕ್ಕಿತ್ತು. ನಾನು — "ಇನ್ನೂ ಇಲ್ರಿ ಅಮ್ಮಾ" ಎಂದೆ.

ನೀವು ಚೀಲದಿಂದ ಎಣ್ಣೆಯ ಸೀಸೆ ತೆಗೆದು ನನ್ನ ಕೈಗಿಟ್ಟಿರಿ. "ಹಂಗಾರ ನೀವಽ ಹಚ್ರಿ. ಭಾಳ ತಿಕ್ಕಬ್ಯಾಡ್ರಿ ಯಪ್ಪಾ, ಮಕ್ಕಳೊಂದಿಗರು ನೀವು. ಹುಷಾರು."

ನನ್ನ ಸುಳ್ಳನ್ನು ನಂಬಿ ನೀವು ನನ್ನ ಜೀವಕ್ಕಾಗಿಯೇ ಹೆದರಿದಿರಿ. ಆಗಲೂ ನಾನು ಬಾಯಿ ಬಿಡಲಿಲ್ಲ.