ಪ್ರಾಸಿ ಒಣಗಿಸಿದ ಕಡಲು

ಬೆಳಗಿನ ಸುಬಹಿ ನಮಾಝ್ ಮುಗಿಸಿ ಬಂದ ಇಮ್ತಿಯಾಝ್ ನಜ್ಮಾ ಬಡಾವಣೆಯ ಗಲ್ಲಿಯಲ್ಲಿ ಬಸ್ಸಿನ ಗಾಜು ಒರೆಸುತ್ತಿದ್ದಾರೆ. ಆಗಸ್ಟ್ ತಿಂಗಳ ದೋಹಾದಲ್ಲಿ ಗಾಜು ಬೆವರುವುದು ಹೊರಗಡೆ. ಒರೆಸಿ ಬಟ್ಟೆ ಹಿಂಡುವಷ್ಟರಲ್ಲಿ ಮತ್ತೆ ಮಂಜು ಕಟ್ಟಿರುತ್ತದೆ. "ಹತ್ತಿ ಮೇಡಂ, ಒಳಗೆ ಏಸಿ ಉಂಟು. ಲೇಟ್ ಆದ್ರೆ ಬೈಗುಳ ನನಗಲ್ಲ, ಆ ಹುಡುಗಿಯರಿಗೆ. ಯಲ್ಲಾ!" ಎನ್ನುತ್ತಾ ಡ್ರೈವರ್ ಸೀಟಿಗೆ ಹಾರುತ್ತಾರೆ.

ಇದು ಸೆಕ್ಯೂರಿಟಿ ಗಾರ್ಡುಗಳನ್ನು ಒದಗಿಸುವ ಒಂದು ಕಂಪನಿಯ ಬಸ್ಸು. ಹೆಂಗಸರ ವಸತಿ ಕ್ಯಾಂಪಿನ ಮುಂದೆ ನಿಂತರೆ ಉಗಾಂಡಾದ, ಕೀನ್ಯಾದ, ನೇಪಾಳದ ಹೆಣ್ಣುಮಕ್ಕಳು ಇಸ್ತ್ರಿ ಮಾಡಿದ ಯೂನಿಫಾರಂ ತೊಟ್ಟು ಹತ್ತುತ್ತಾರೆ. ಸೀಟಿಗೆ ಒರಗಿದ್ದೇ ತಡ, ನಿದ್ದೆ. ಮಾಲ್, ಶಾಲೆ, ಆಸ್ಪತ್ರೆ ಅಂತ ಒಬ್ಬೊಬ್ಬರೇ ಇಳಿಯುತ್ತಾ ಬಸ್ಸು ಖಾಲಿಯಾಗುತ್ತದೆ. ಕೊನೆಯ ಸ್ಟಾಪು ಅಲ್ ರಯ್ಯಾನ್ ದಾಟಿ ಸುಮಾರು ದೂರದಲ್ಲಿ, ಮರಳಿನ ನಡುವಿನ ಒಂದು ಗೋದಾಮಿನ ಗೇಟು. ಅಲ್ಲಿಂದ ಮುಂದೆ ಸಂಜೆಯ ಟ್ರಿಪ್ಪಿನ ತನಕ ಇಮ್ತಿಯಾಝ್ ಕಾಯಬೇಕು. ಡೀಸೆಲ್ ಉಳಿಸಲು ಇಂಜಿನ್ ಬಂದ್. ಗೋಡೆಯ ನೆರಳು ಸರಿದಂತೆ ಬಸ್ಸನ್ನೂ ಸರಿಸುತ್ತಾ, ಮೊಬೈಲಿನ ಮೇಲೆ ಹೆಬ್ಬೆರಳು ಆಡಿಸುತ್ತಾ ಅವರು ಒಂದು ಕಥೆ ಬರೆದರು. ಆ ಕಥೆ ಓದಿಯೇ ನಾನು ಅವರ ಬಗ್ಗೆ ಬರೆಯಲೆಂದು ಹುಡುಕಿಕೊಂಡು ಬಂದದ್ದು.

ಇಂಟರ್ನೆಟ್ಟಿನ ಕನ್ನಡ ಪತ್ರಿಕೆಯೊಂದರಲ್ಲಿ ಹೋದ ವರ್ಷ ಬಂದ ವೈಜ್ಞಾನಿಕ ಕಥೆ ಅದು. ಎಷ್ಟೋ ಕಾಲ ಮುಂದೆ, ಅರಬ್ಬೀ ಕಡಲು ಪೂರಾ ಒಣಗಿ ಉಪ್ಪಿನ ಬಯಲಾಗಿದೆ. ಆ ಉಪ್ಪಿನಡಿಯಲ್ಲಿ ಕಂಪನಿಯೊಂದು ನಗರ ಕಟ್ಟುತ್ತಿದೆ. ಬಿಸಿಲು ತಾಗದ ಹಾಗೆ ಕೂಲಿಗಳ ಚರ್ಮವನ್ನೇ ಬದಲಾಯಿಸಿದ್ದಾರೆ. ಸತ್ತವರನ್ನೂ ಎಬ್ಬಿಸಿ ಶಿಫ್ಟಿಗೆ ಕಳಿಸುತ್ತಾರೆ. ನಗರದ ಗೇಟು ಕಾಯುವ ಹೆಣ್ಣೊಬ್ಬಳು ಒಂದು ಬೆಳಗ್ಗೆ ಗೇಟು ತೆರೆದುಬಿಡುತ್ತಾಳೆ. ಬದುಕಿದವರೂ ಸತ್ತವರೂ ಕಡಲ ತಳದ ಮೇಲೆ ನಡೆದು ಊರಿಗೆ ಹೊರಡುತ್ತಾರೆ.

ಇಮ್ತಿಯಾಝ್ ಉಳ್ಳಾಲದವರು. ಮನೆಯಲ್ಲಿ ಬ್ಯಾರಿ ಭಾಷೆ, ಶಾಲೆಯಲ್ಲಿ ಕನ್ನಡ, ಹತ್ತನೇ ಕ್ಲಾಸಿಗೇ ಓದು ಖಲಾಸ್. ಒಂದು ಮಳೆಗಾಲ ಕಡಲು ಇವರ ಅಡುಗೆಮನೆ ಒಯ್ದಿತು, ಮರುವರ್ಷ ಉಳಿದದ್ದನ್ನೂ ಒಯ್ದಿತು. ಹೆಂಡತಿ ಶಾಹಿನಾ ಮಕ್ಕಳೊಂದಿಗೆ ತೊಕ್ಕೊಟ್ಟಿನ ಬಾಡಿಗೆ ಮನೆಯಲ್ಲಿದ್ದಾರೆ, ಇವರು ನಜ್ಮಾದಲ್ಲಿ ಆರು ಜನರ ರೂಮಿನಲ್ಲಿ. "ನಮ್ಮ ಮನೆ ತಿಂದದ್ದು ಕಡಲು ಮೇಡಂ. ಇವಳು ಆ ಕಡಲನ್ನೇ ಒಣಗಿಸಿ ಇಟ್ಟಳು. ಕೇಳುವಾಗ ಎದೆಯೊಳಗೆ ಎಂತದೋ ತಣ್ಣಗಾದ ಹಾಗೆ ಆದದ್ದು ನನಗೆ," ಅನ್ನುತ್ತಾರೆ.

ಇವಳು ಅಂದರೆ ಪ್ರಾಸ್ಕೋವಿಯಾ ನಮುಲಿ. ಎಲ್ಲರ ಬಾಯಲ್ಲಿ ಪ್ರಾಸಿ. ಉಗಾಂಡಾದ ಜಿಂಜಾ ಪಟ್ಟಣದಿಂದ ಬಂದ ಗಾರ್ಡ್. ಅವಳ ದೇಶಕ್ಕೆ ಕಡಲೇ ಇಲ್ಲ. ಕಡಲೆಂಬುದನ್ನು ಮೊದಲು ಕಂಡದ್ದು ದೋಹಾದಲ್ಲಿ. ಗೋದಾಮಿನ ಗೇಟು ಅವಳದ್ದೇ ಡ್ಯೂಟಿ. ಹಾಗಾಗಿ ಉಳಿದವರೆಲ್ಲ ಇಳಿದ ಮೇಲೆ ಬಸ್ಸಿನಲ್ಲಿ ಇವರಿಬ್ಬರೇ. ಅವಳ ಚೀಲದಲ್ಲಿ ಸದಾ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ಇರುತ್ತಿತ್ತು, ಅಮೆರಿಕದ ಕಪ್ಪು ಲೇಖಕಿಯೊಬ್ಬಳು ಬರೆದದ್ದು.

"ಎಂತ ಪುಸ್ತಕ ಸಿಸ್ಟರ್ ಅಂತ ಕೇಳಿದೆ. 'ಬ್ರದರ್, ಬೇರೆಯವರು ಬರೆದ ಭವಿಷ್ಯದಲ್ಲಿ ನಾವು ಇರುವುದೇ ಇಲ್ಲ, ರಾಕೆಟ್ ಗುಡಿಸಲಿಕ್ಕೂ ಇಲ್ಲ, ಇವಳ ಪುಸ್ತಕದಲ್ಲಿ ನಮ್ಮವಳೇ ಕ್ಯಾಪ್ಟನ್' ಅಂದಳು. ಆ ಲೇಖಕಿಯ ಹಿರಿಯರನ್ನು ಹಡಗಿನಲ್ಲಿ ಸರಪಳಿ ಹಾಕಿ ತಂದದ್ದಂತೆ. ಮೊಮ್ಮಗಳು ಅವರನ್ನೆಲ್ಲ ನಕ್ಷತ್ರಕ್ಕೆ ಕಳಿಸಿದಳು ನೋಡು ಅಂತ ನಗಾಡಿದಳು."

ಆಮೇಲೆ ದಿನಾ ಬೆಳಗ್ಗೆ ಆ ಪುಸ್ತಕದ ಕಥೆ. ಅವಳು ಅರ್ಧ ಹಿಂದಿ ಅರ್ಧ ಇಂಗ್ಲಿಷಿನ ಗಲ್ಫ್ ಭಾಷೆಯಲ್ಲಿ ಹೇಳುವುದು, ಇವರು ಸ್ಟೇರಿಂಗ್ ಹಿಡಿದು ಕೇಳುವುದು. ಉಪ್ಪಿನ ಬಯಲು, ಚರ್ಮ ಬದಲಾದ ಕೂಲಿಗಳು, ಶಿಫ್ಟಿಗೆ ಎದ್ದು ಹೋಗುವ ಸತ್ತವರು, ಗೇಟು ಕಾಯುವ ಹೆಣ್ಣು. ಒಂದು ದಿನ, ಆ ಹೆಣ್ಣು ಗೇಟು ತೆರೆದು ಉಪ್ಪಿನ ಮೇಲೆ ಕಾಲಿಡುವಲ್ಲಿಗೆ ಕಥೆ ಬರುವಷ್ಟರಲ್ಲಿ ಬಸ್ಸು ಗೋದಾಮು ಮುಟ್ಟಿತು. ಉಳಿದದ್ದು ನಾಳೆ ಅಂತ ಪ್ರಾಸಿ ಇಳಿದಳು.

ಮರುದಿನ ಅವಳ ಸೀಟು ಖಾಲಿ. ನಿದ್ದೆಯಲ್ಲೇ ಹೋಗಿದ್ದಳು. ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ. ಸಹಜ ಸಾವು ಎಂದರು. ದಿನವಿಡೀ ಕೊಡೆಯೂ ಇಲ್ಲದೆ ಬಿಸಿಲಲ್ಲಿ ನಿಂತವಳ ಹೃದಯ ನಿಂತರೆ ಅದು ಯಾವ ಸಹಜವೋ ನನಗಂತೂ ತಿಳಿಯದು. ಗೇಟಿಗೆ ಅದೇ ದಿನ ಬೇರೊಬ್ಬಳು ಬಂದಳು. ಪ್ರಾಸಿ ಊರಿಗೆ ಹೋದದ್ದು ವಾರಗಳ ನಂತರ, ಪೆಟ್ಟಿಗೆಯಲ್ಲಿ.

ಮರೆತುಹೋಗುವ ಮೊದಲು ಬರೆದಿಡಬೇಕೆಂದು ಇಮ್ತಿಯಾಝ್ ಕೂತರು. ರೂಮಿನ ಗೆಳೆಯ ಸಯೀದ್, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಕಿಚಾಯಿಸಿದ. ಪ್ರಾಸಿ ನಿಲ್ಲಿಸಿದ ಕಡೆಯಿಂದ ಮುಂದಕ್ಕೆ ಇವರೇ ಕಟ್ಟಿದರು: ನಡೆದವರೆಲ್ಲ ಮನೆ ಸೇರಿದರು. ಮನುಷ್ಯ ಎಷ್ಟು ಪ್ರಾಮಾಣಿಕ ಎಂದರೆ, ಕಥೆಯ ಕೆಳಗೆ ಆ ಅಮೆರಿಕದ ಲೇಖಕಿಯ ಹೆಸರು ಹಾಕಿ, ಅವರ ಕಾದಂಬರಿಯ ಆಧಾರ ಎಂದು ಸೇರಿಸಿದರು. ಓದುಗರು ಲೇಖಕಿಯನ್ನು ಹಾಡಿ ಹೊಗಳಿದರು. ಅಷ್ಟರಲ್ಲಿ ಬೆಂಗಳೂರಿನ ಒಬ್ಬರು ಬರೆದರು, ಆ ಕಾದಂಬರಿಯನ್ನು ನಾನು ಓದಿದ್ದೇನೆ, ಇಂಥ ಕಥೆಯೇ ಅದರಲ್ಲಿಲ್ಲ ಎಂದು.

ಪ್ರಾಸಿಯ ರೂಮಿನವಳು ಆ ಪುಸ್ತಕವನ್ನು ನೆನಪಿಗೆಂದು ಇವರಿಗೇ ಕೊಟ್ಟಿದ್ದಳು. ಇಮ್ತಿಯಾಝ್ ಈಗ ಓದತೊಡಗಿದರು, ಒಂದೊಂದು ಸಾಲನ್ನೂ ಮೊಬೈಲಿಗೆ ತೋರಿಸಿ ಅರ್ಥ ಕೇಳುತ್ತಾ, ಇಡೀ ಚಳಿಗಾಲ. "ಒಳ್ಳೆಯ ಪುಸ್ತಕವೇ ಮೇಡಂ. ನಕ್ಷತ್ರ ಉಂಟು, ಕ್ಯಾಪ್ಟನ್ ಉಂಟು. ಉಪ್ಪು ಈಗ ಬರ್ತದೆ, ಇನ್ನು ಬರ್ತದೆ ಅಂತ ಕಾದೆ. ಪುಸ್ತಕ ಮುಗಿಯಿತು. ಉಪ್ಪು ಬರಲೇ ಇಲ್ಲ."

ಕಥೆ ಪ್ರಾಸಿಯದ್ದೇ. ಆ ಲೇಖಕಿಯನ್ನು ಓದಿ ಓದಿ ಅವಳೊಳಗೆ ಹುಟ್ಟಿದ್ದು. ಕಪ್ಪು ಜನರಿಗೆ ಭವಿಷ್ಯದಲ್ಲಿ ಜಾಗ ಮಾಡಿಕೊಟ್ಟ ಲೇಖಕರ ಬಗ್ಗೆ ಇಂದು ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸೆಮಿನಾರುಗಳಾಗುತ್ತವೆ, ಅವರಿಂದ ಯಾರು ಯಾರು ಬರೆಯಲು ಕಲಿತರೆಂದು ಪ್ರಬಂಧ ಮಂಡಿಸುತ್ತಾರೆ. ಅಲ್ಲಿ ಯಾರೂ ಕ್ಯಾಂಪಿನ ಬಸ್ಸು ಹತ್ತಿ ನೋಡಿದವರಲ್ಲ.

ನಿಮಗೇಕೆ ಸುಳ್ಳು ಹೇಳಿದಳು ಎಂದು ಕೇಳುತ್ತೇನೆ. ಇಮ್ತಿಯಾಝ್ ಗೇರ್ ಬದಲಿಸುತ್ತಾ ಹೇಳುತ್ತಾರೆ, "ಗಾರ್ಡ್ ಕಟ್ಟಿದ ಕಥೆ ಅಂದ್ರೆ ಯಾರು ಕೇಳ್ತಾರೆ? ಪುಸ್ತಕದ್ದು ಅಂದ್ರೆ ಕೇಳ್ತಾರೆ. ನಾನೂ ಹಾಗೇ ಕೇಳಿದ್ದಲ್ವಾ?" ಕಣ್ಣು ತುಂಬಿದ್ದು ಅವರದ್ದೊಂದೇ ಅಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಬೆಂಗಳೂರಿನವರ ಮಾತು ಹಬ್ಬಿ, ಎಲ್ಲರೂ ಇಮ್ತಿಯಾಝೇ ಇದರ ಕರ್ತೃ ಎಂದರು. ಊರಿನ ಪ್ರಕಾಶಕರೊಬ್ಬರು ಕಥೆಯನ್ನು ಬೆಳೆಸಿ ಪುಸ್ತಕ ಮಾಡಿಕೊಡಿ ಎಂದು ಫೋನು ಹಚ್ಚಿದರು. ಶಾಹಿನಾ ನೆಂಟರ ಮದುವೆಯಲ್ಲಿ ಸುದ್ದಿಯನ್ನು ಬಿರಿಯಾನಿಗಿಂತ ಮೊದಲು ಬಡಿಸಿಬಿಟ್ಟರು. ಇಮ್ತಿಯಾಝ್ ಬೆಳೆಸಿ ಬರೆದುಕೊಟ್ಟರು, ಮುಖಪುಟದಲ್ಲಿ ಪ್ರಾಸಿಯ ಹೆಸರು ಮೊದಲು ಬರಬೇಕೆಂದರು. ಅದು ಮಾತ್ರ ಆಗದಂತೆ. ಕನ್ನಡ ಕಾದಂಬರಿಗೆ ಆಫ್ರಿಕಾದ ಹೆಸರಿದ್ದರೆ ಕೊಳ್ಳುವವರಾರು? ಬೇಕಿದ್ದರೆ ಒಳಗೆ 'ಗೆಳತಿಯ ನೆನಪಿಗೆ' ಎಂದು ಹಾಕೋಣ. ಸತ್ತವಳೇನು ಬಂದು ಕೇಳುತ್ತಾಳಾ ಎಂದರಂತೆ ಪ್ರಕಾಶಕರು.

"ಸತ್ತವರನ್ನೂ ಕೆಲಸಕ್ಕೆ ಕಳಿಸುವ ಕಂಪನಿ ಅಂತ ಅವಳು ಕಥೆಯಲ್ಲಿ ಹೇಳಿದ್ದು ಮೇಡಂ. ಈಗ ಅವಳ ಹೆಸರು ತೆಗೆದು ಅವಳ ಕಥೆಯನ್ನು ನಾನು ದುಡಿಸಿದ್ರೆ, ನಾನೂ ಅದೇ ಕಂಪನಿ ಅಲ್ವಾ?" ಕಳೆದ ವಾರ ಅವರು ಫೋನಿನಲ್ಲಿ ಬೇಡ ಎಂದರು. ಪ್ರಕಾಶಕರಿಂದ ಮತ್ತೆ ಕರೆ ಬಂದಿಲ್ಲ. ಶಾಹಿನಾ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಸಯೀದ್ ಹಲುಬುತ್ತಾನೆ. ಇವರಿಗೆ ಇನ್ನೊಂದು ಪುಸ್ತಕ ಬರೆಯುವ ಶಕ್ತಿಯೂ ಇಲ್ಲ, ಕಥೆಯೂ ಇಲ್ಲ. ಹಾಗೆಂದು ಅವರೇ ಹೇಳಿಕೊಳ್ಳುತ್ತಾರೆ.

ಗೋದಾಮಿನ ಗೇಟಿನಲ್ಲಿ ಕೊನೆಯ ಹುಡುಗಿ ಇಳಿದು, ಟೋಪಿ ಸರಿಮಾಡಿಕೊಂಡು ಬಿಸಿಲಿಗೆ ನಿಲ್ಲುತ್ತಾಳೆ. ನಾನು ಫೋಟೋ ತೆಗೆಯಲು ಮೊಬೈಲ್ ಎತ್ತಿದರೆ ಇಮ್ತಿಯಾಝ್ ಕೈ ಅಡ್ಡ ಹಿಡಿಯುತ್ತಾರೆ.

"ನನ್ನದು ಬೇಡ. ಪ್ರಾಸಿಯ ಪೂರ್ತಿ ಹೆಸರು ಹಾಕಿ, ಒಂದಕ್ಷರ ತಪ್ಪಬಾರದು. ಮತ್ತೆ ಕೆಳಗೆ ಗಾರ್ಡ್ ಅಂತ ಬರೆಯಬೇಡಿ ಮೇಡಂ, ಅದು ಕಂಪನಿ ಕೊಟ್ಟ ಕೆಲಸ. ರೈಟರ್ ಅಂತ ಬರೆಯಿರಿ."