ಡಕಾರ್‌ನಲ್ಲಿ ನುಚ್ಚಿನ ಅನ್ನ

ಓದಿನ ಸಲುವಾಗಿ ಕೆಲವು ತಿಂಗಳು ಸೆನೆಗಾಲ್ ದೇಶದ ಡಕಾರ್ ನಗರದಲ್ಲಿ, ಒಂದು ಕುಟುಂಬದ ಜೊತೆ ಇರಬೇಕಾಗಿತ್ತು. ಆ ಮನೆ ಮುಂದೆ ಟ್ಯಾಕ್ಸಿ ಇಳಿದಾಗ ನಾನು ಕಲಿತಿದ್ದ ಫ್ರೆಂಚ್ ಒಂದಕ್ಷರವೂ ನೆನಪಾಗಲಿಲ್ಲ. ಬೇರೇನೂ ತೋಚದೆ "ಅಸ್ಸಲಾಮು ಅಲೈಕುಂ" ಅಂದೆ. ಮನೆಯೊಡತಿ ನಗುತ್ತ ಸಲಾಮು ಹೇಳಿ ಕೈ ಹಿಡಿದವರು ಬಿಡಲೇ ಇಲ್ಲ. ಅಮ್ಮ ಹೇಗಿದ್ದಾರೆ, ಅಪ್ಪ ಹೇಗಿದ್ದಾರೆ, ಊರಿನ ಮಂದಿ ಹೇಗಿದ್ದಾರೆ ಎಂದು ಒಂದೊಂದಾಗಿ ವಿಚಾರಿಸಿದರು. ಇಂಗ್ಲಿಷ್ ಬಲ್ಲ ಅವರ ಮಗಳು ಪಕ್ಕದಲ್ಲಿ ನಿಂತು ನನಗೆ ತಿಳಿಸುತ್ತಿದ್ದಳು. ಕೌಲ್ ಬಜಾರ್‌ನ ನಮ್ಮಜ್ಜಿ ಮನೆಗೆ ಹೋದರೂ ಹೀಗೆಯೇ. ನಮ್ಮೂರು ಸಿರುಗುಪ್ಪದಲ್ಲಿರುವ ಎಲ್ಲರ ಯೋಗಕ್ಷೇಮ ಒಪ್ಪಿಸಿದ ಮೇಲೆಯೇ ಕೂರಲು ಜಾಗ ಸಿಗುವುದು.

ಮಧ್ಯಾಹ್ನ ಚಾಪೆ ಹಾಸಿ, ನಡುವೆ ಒಂದೇ ದೊಡ್ಡ ಬೋಗುಣಿ ಇಟ್ಟರು. ಕೆಂಪಗಿನ ಅನ್ನ, ಮೇಲೆ ಮೀನು, ಗಜ್ಜರಿ, ಎಲೆಕೋಸು. ಎಲ್ಲರೂ ಸುತ್ತ ಕೂತು ತಮ್ಮ ತಮ್ಮ ಮುಂದಿನದಕ್ಕೆ ಕೈ ಹಾಕಿದರು. ಅನ್ನ ನೋಡಿ ನನಗೆ ಕಸಿವಿಸಿಯಾಯಿತು. ಅದು ಪೂರ್ತಿ ನುಚ್ಚು. ನಮ್ಮಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವವರು. ಅಕ್ಕಿಯಿಂದ ಬೇರೆಯಾದ ನುಚ್ಚು ನಮ್ಮ ಮನೆಯಲ್ಲಿ ಕೋಳಿಗೆ, ಹೆಚ್ಚೆಂದರೆ ದೋಸೆಗೆ. ಪಾಪ, ಇವರಿಗೇ ಕಷ್ಟವಿದ್ದಂತಿದೆ, ನಾನು ಬೇರೆ ಬಂದು ಸೇರಿಕೊಂಡೆ ಅನ್ನಿಸಿ ಚೂರೇ ಚೂರು ತಿಂದೆ. ಮನೆಯೊಡತಿ ಮೀನು ಮುರಿದು ನನ್ನ ಕಡೆ ತಳ್ಳಿದರು. ನಾನು ಮಗಳ ಕಡೆ ತಳ್ಳಿದೆ. ಆಕೆ ಅದನ್ನು ತಿರುಗಿ ನನ್ನ ಮುಂದೆಯೇ ಇಟ್ಟಳು.

ಆ ವಾರವೇ ಅವರಿಬ್ಬರ ಜೊತೆ ಮಾರುಕಟ್ಟೆಗೆ ಹೋದೆ. ಅಂಗಡಿಯಲ್ಲಿ ಇಡೀ ಅಕ್ಕಿಯ ಚೀಲವೂ ಇತ್ತು, ನುಚ್ಚಿನ ಚೀಲವೂ ಇತ್ತು. ಮನೆಯೊಡತಿ ನುಚ್ಚನ್ನೇ ಅಂಗೈಗೆ ಹಾಕಿಕೊಂಡು ಉಜ್ಜಿ ನೋಡಿ, ಅಳೆಯಲು ಹೇಳಿದರು.

"ಇಡೀ ಅಕ್ಕಿ ಯಾಕೆ ಬೇಡ?" ಎಂದು ಮಗಳನ್ನು ಕೇಳಿದೆ.

"ಅದರಲ್ಲಿ ಈ ಅಡುಗೆ ಮಾಡಿದರೆ ಅಮ್ಮನಿಗೆ ಸೇರುವುದಿಲ್ಲ. ಮೀನಿನ ರಸ ಹೀರುವುದು ಇದೇ," ಅಂದಳು. ಚೀಲದ ಮೇಲೆ ಭಾರತದ್ದೆಂದು ಅಚ್ಚಾಗಿತ್ತು. ಅದನ್ನು ಆಕೆಗೆ ತೋರಿಸಿದೆ. ಆಕೆ ಹೇಳಿದ್ದನ್ನು ಕೇಳಿ ಅವಳ ತಾಯಿ ನನ್ನ ಬೆನ್ನು ತಟ್ಟಿದರು, ನಾನೇ ಹೊತ್ತು ತಂದಂತೆ.

ಸಂಜೆ ಅಮ್ಮನ ಫೋನ್ ಬಂತು.

"ಏನು ಉಂಡಿ?"

"ನುಚ್ಚಿನ ಅನ್ನ, ಮೀನು."

"ಅಷ್ಟು ದೂರ ಹೋಗಿ ನುಚ್ಚು ಉಣ್ಣಾಕತ್ತೀಯೇನು? ಅಕ್ಕಿ ಸಿಗಂಗಿಲ್ಲೇನು ಅಲ್ಲಿ?"

"ಸಿಗತೈತಮ್ಮ. ಇವರು ಆರಿಸಿ ಆರಿಸಿ ನುಚ್ಚ ತರ್ತಾರ. ರುಚಿ ಅದಕ್ಕ ಐತಂತ."

ಹಿಂದಿನಿಂದ ಅಪ್ಪ ನಗುವುದು ಕೇಳಿಸಿತು. "ಹೊಟ್ಟಿ ತುಂಬ ಉಣ್ಣು ಅನ್ನು ಆಕಿಗಿ. ಇಲ್ಲಿ ಕೋಳಿಗಿ ನಾ ಬ್ಯಾರೆ ಏನರ ಹಾಕ್ತೀನಿ."

ಮರುದಿನ ಸಂಕೋಚ ಬಿಟ್ಟು ಉಂಡೆ. ಕೊನೆಗೆ ಮನೆಯೊಡತಿ ಪಾತ್ರೆಯ ತಳ ಕೆರೆದು, ಹೊತ್ತಿ ಗರಿಗರಿಯಾದ ಅನ್ನವನ್ನು ಎಲ್ಲರಿಗೂ ಹಂಚಿದರು. ಅದಕ್ಕಾಗಿ ಮನೆಮಂದಿಯೆಲ್ಲ ಕೈ ಚಾಚಿದ್ದರು. ನಾನೂ ಚಾಚಿದೆ.