ಕಂಬಿಗೆ ಸಿಮೆಂಟ್ ಬಳಿಯುತ್ತಿದ್ದವರು

ಅರ್ಧಕ್ಕೆ ನಿಂತ ಕಟ್ಟಡದ ಪಿಲ್ಲರುಗಳಿಂದ ಮೇಲಕ್ಕೆ ಚಾಚಿಕೊಂಡಿದ್ದ ಕಂಬಿಗಳಿಗೆ ವಯಸ್ಸಾದವರೊಬ್ಬರು ಹಳೆಯ ಬ್ರಷ್‌ನಲ್ಲಿ ಸಿಮೆಂಟ್ ನೀರು ಬಳಿಯುತ್ತಿದ್ದರು. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೊರಟಿದ್ದ ನಾನು ದಾರಿಯ ಹಳ್ಳಿಯೊಂದರಲ್ಲಿ ಬೈಕ್ ನಿಲ್ಲಿಸಿ ನೋಡಿದೆ. ಆ ಹಳ್ಳಿಯ ಆಸ್ಪತ್ರೆಗೆ ಡಯಾಲಿಸಿಸ್ ವಿಭಾಗ ಬರುತ್ತದೆಂದು ಶುರುವಾದ ಕಟ್ಟಡವಂತೆ ಅದು. ಕೆಲಸ ನಿಂತು ಎರಡು ವರ್ಷ ಅಂದರೋ ಮೂರು ಅಂದರೋ, ಈಗ ನನಗೆ ಖಚಿತವಿಲ್ಲ.

"ಕಂಟ್ರಾಕ್ಟರ್ ಕಡೆಯವರಾ?" ಎಂದು ಕೇಳಿದೆ.

"ಇಲ್ಲ ಸಾ, ಮೊದ್ಲು ಗಾರೆ ಕೆಲ್ಸ ಮಾಡ್ತಿದ್ದೆ. ನೀವು ಎಂಜಿನಿಯರಾ? ಅಂಗಾದ್ರೆ ನಿಂತ್ಕಂಡು ನೋಡ್ಕಂಡು ಓಯ್ತೀರ ಬುಡಿ," ಎಂದು ನಕ್ಕರು.

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗೇ. ಆದರೆ ಅದನ್ನು ಹೇಳದೆ, ಇದನ್ನೇಕೆ ಬಳಿಯುತ್ತಿದ್ದೀರಿ ಎಂದು ಕೇಳಿದೆ.

ಅವರ ಹೆಂಡತಿಯ ಎರಡೂ ಕಿಡ್ನಿ ಹೋಗಿವೆ. ಡಯಾಲಿಸಿಸ್‌ಗೆಂದು ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋಗುತ್ತಾರೆ. ವಾಪಸ್ಸು ಬರುವಾಗ ಆಕೆಗೆ ನೆಟ್ಟಗೆ ಕೂರಲೂ ಆಗುವುದಿಲ್ಲವಂತೆ.

"ಕಂಬಿಗೆ ತುಕ್ಕು ಇಡುದ್ರೆ ಎಲ್ಲಾನೂ ಒಡ್ದು ಮೊದ್ಲಿಂದ ಕಟ್ತಾರೆ ಸಾ," ಎಂದರು, ಬ್ರಷ್ ಅದ್ದುತ್ತಾ. "ಅಷ್ಟು ದಿವ್ಸ ಅವ್ಳು ಇರಕಿಲ್ಲ."

ಆ ತೆಳುವಾದ ಲೇಪ ಒಂದು ಬೇಸಿಗೆಗೆ ಬಿರುಕು ಬಿಟ್ಟು ಉದುರುತ್ತದೆ ಎಂದು ನನಗೆ ಗೊತ್ತಿತ್ತು. ಅದನ್ನು ಅವರಿಗೆ ಹೇಳಿಬಿಟ್ಟೆನೋ, ಮನಸ್ಸಿನಲ್ಲೇ ಅಂದುಕೊಂಡು ಬೈಕ್ ಹತ್ತಿದೆನೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಹೇಳದೇ ಬಂದಿದ್ದರೆ ಸಾಕು.